ಗಲ್ಲಿನ ಗುಪ್ತನುಡಿಯೂ ಶೂಲದ ಮಾತೂ

ಒಂದು ಜನಾಂಗದ ನಡೆಯನ್ನು ತಿಳಿಯಬಯಸುವವರು ಅದರ ಕಾವ್ಯಗಳನ್ನೂ ಶಾಸನಗಳನ್ನೂ ಪರಿಶೀಲಿಸುವುದು ವಾಡಿಕೆ. ಆದರೆ ಪಂಡಿತರು ಮುಟ್ಟದೆ ಬಿಟ್ಟ ಬೀದಿಯ ಮಾತುಗಳು ಕೆಲವೊಮ್ಮೆ ಶಾಸನಗಳಿಗಿಂತ ನಿಷ್ಠುರವಾಗಿ ಸಾಕ್ಷಿ ನುಡಿಯುತ್ತವೆ. ವಚನ ವಾಙ್ಮಯದ ಅಭ್ಯಾಸಿಗಳಿಗೆ ಈ ಸಂಗತಿಯನ್ನು ಬಿಡಿಸಿ ಹೇಳುವ ಅವಶ್ಯಕತೆಯಿಲ್ಲ. ಅಂಬಿಗನ ಹುಟ್ಟು, ಮಡಿವಾಳನ ಬಂಡೆ, ನೇಕಾರನ ಮಗ್ಗ ಇವು ಶಾಸ್ತ್ರದ ಮಾತುಗಳಾಗಬಲ್ಲವೆಂಬುದನ್ನು ಶರಣರು ಹನ್ನೆರಡನೆಯ ಶತಮಾನದಲ್ಲಿಯೇ ತೋರಿಸಿದರು. ವಿದ್ವತ್ತಿನ ಲೋಕ ಅದನ್ನು ಮನಗಾಣಲು 1923ರಲ್ಲಿ ಫ. ಗು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ ಅಚ್ಚಾಗಬೇಕಾಯಿತು.

ಇಂಗ್ಲಿಷ್ ಭಾಷೆಯಲ್ಲಿ ಬೀದಿಯ ಮಾತಿಗೆ ಇಂಥ ಒಂದು ಸ್ಥಾನವನ್ನು ಕೊಡಿಸಲೆತ್ನಿಸಿದವನು ಫ್ರಾನ್ಸಿಸ್ ಗ್ರೋಸ್. ಪ್ರಾಚೀನ ಕಟ್ಟಡಗಳ ಅಭ್ಯಾಸಿಯೂ ಸೈನ್ಯದಲ್ಲಿ ಕ್ಯಾಪ್ಟನ್ ಆಗಿದ್ದವನೂ ಆದ ಈತ 1785ರಲ್ಲಿ ‘ಎ ಕ್ಲಾಸಿಕಲ್ ಡಿಕ್ಷನರಿ ಆಫ್ ದಿ ವಲ್ಗರ್ ಟಂಗ್’ ಎಂಬ ಕೋಶವನ್ನು ಲಂಡನ್ನಿನಲ್ಲಿ ಪ್ರಕಟಿಸಿದನು. 1788ರಲ್ಲಿ ಎರಡನೆಯ ಆವೃತ್ತಿ ಬಂದಿತು. ಆತ 1791ರಲ್ಲಿ ತೀರಿಕೊಂಡ ಮೇಲೆ ಅನ್ಯರು ಅದನ್ನು ಬೆಳೆಸಿ 1811ರಲ್ಲಿ ‘ಲೆಕ್ಸಿಕನ್ ಬಲಾಟ್ರೊನಿಕಮ್’ ಎಂಬ ಹೆಸರಿನಿಂದ ಹೊರತಂದರು. ಸ್ಯಾಮ್ಯುಯೆಲ್ ಜಾನ್ಸನ್ನನ 1755ರ ನಿಘಂಟು ಬಹುಮಟ್ಟಿಗೆ ಬಾಗಿಲ ಹೊರಗೆ ನಿಲ್ಲಿಸಿದ ಮಾತುಗಳಿಗೆ ಗ್ರೋಸನ ಕೋಶದಲ್ಲಿ ಮಣೆ ದೊರೆಯಿತು. ಕಳ್ಳರ, ಸೈನಿಕರ, ನಾವಿಕರ, ಭಿಕ್ಷುಕರ ನುಡಿಗಳೆಲ್ಲ ಅಲ್ಲಿವೆ. ಅವುಗಳಲ್ಲಿ ಗಲ್ಲಿಗೆ ಸಂಬಂಧಿಸಿದ ಮಾತುಗಳ ಸಮೃದ್ಧಿಯನ್ನು ಕಂಡರೆ ವಾಚಕನು ಬೆರಗಾಗುವನು. ಅನ್ನಕ್ಕೆ ಇಷ್ಟು ಹೆಸರುಗಳಿಲ್ಲ, ನೇಣಿಗೆ ಇವೆ.

ಈ ಸಮೃದ್ಧಿಯ ಕಾರಣವನ್ನು ದೂರ ಹುಡುಕಬೇಕಾಗಿಲ್ಲ. ಇಂಗ್ಲೆಂಡಿನಲ್ಲಿ 1688ರ ಸುಮಾರಿಗೆ ಐವತ್ತರಷ್ಟಿದ್ದ ಮರಣದಂಡನೆಯ ಅಪರಾಧಗಳು ಹದಿನೆಂಟನೆಯ ಶತಮಾನದ ಕೊನೆಗೆ ಇನ್ನೂರನ್ನು ಮೀರಿದವು. ಅಂಗಡಿಯಿಂದ ಐದು ಷಿಲಿಂಗಿನ ಒಡವೆಯನ್ನು ಕದ್ದರೂ, ಮನೆಯೊಳಗಿಂದ ನಲವತ್ತು ಷಿಲಿಂಗಿನ ವಸ್ತುವನ್ನು ಎತ್ತಿದರೂ ಕೊರಳಿಗೆ ಹಗ್ಗವೆಂದು ಕಾನೂನು ಹೇಳಿತ್ತು. ಗಲ್ಲಿಗೇರಿದವರಲ್ಲಿ ಬಹುಪಾಲು ಜನ ಕೊಲೆಗಾರರಲ್ಲ. ಸೊತ್ತಿಗೆ ಕೈಯಿಕ್ಕಿದ ಬಡವರು. ಈ ಕಾನೂನಿನ ಕ್ರೌರ್ಯವನ್ನು ಪಂಚರೂ ಬಲ್ಲವರಾಗಿದ್ದರೆಂಬುದಕ್ಕೆ ಒಂದು ಸೊಗಸಾದ ಪುರಾವೆಯಿದೆ. ಎಷ್ಟೋ ಮೊಕದ್ದಮೆಗಳಲ್ಲಿ ಅವರು ಬೆಲೆಬಾಳುವ ಒಡವೆಗಳಿಗೂ ಮೂವತ್ತೊಂಬತ್ತು ಷಿಲಿಂಗು ಎಂದೇ ಬೆಲೆ ಕಟ್ಟುತ್ತಿದ್ದರು. ಒಂದು ಷಿಲಿಂಗಿನ ಸುಳ್ಳಿನಿಂದ ಒಂದು ಪ್ರಾಣ ಉಳಿಯುತ್ತಿತ್ತು. ಗಲ್ಲಿನ ಸುತ್ತ ಹುಟ್ಟಿದ ನುಡಿಕಟ್ಟುಗಳಲ್ಲೆಲ್ಲ ಕರುಣೆಯುಳ್ಳದ್ದು ಈ ಅಂಕಿಯೊಂದೇ ಇದ್ದೀತು. ಅದು ಮಾತ್ರ ಗ್ರೋಸನ ಕೋಶಕ್ಕೆ ಸೇರುವ ಜಾತಿಯದಲ್ಲ.

ಲಂಡನ್ನಿನ ವಧಸ್ಥಾನ ಟೈಬರ್ನ್. ಊರಿನ ಪಶ್ಚಿಮಕ್ಕೆ, ಇಂದು ಮಾರ್ಬಲ್ ಆರ್ಚ್ ಎಂಬ ಕಮಾನು ಇರುವ ಸ್ಥಳದ ಹತ್ತಿರ ಅದಿತ್ತು. 1571ರಲ್ಲಿ ಅಲ್ಲಿ ಮೂರು ಕಂಬಗಳ ಮೇಲೆ ಮೂರು ತೊಲೆಗಳನ್ನಿಟ್ಟು ತ್ರಿಕೋಣಾಕಾರದ ಗಲ್ಲನ್ನು ನಿಲ್ಲಿಸಿದರು. ತೊಲೆಗೆ ಎಂಟರಂತೆ ಏಕಕಾಲಕ್ಕೆ ಇಪ್ಪತ್ತನಾಲ್ಕು ಜನರನ್ನು ತೂಗುಹಾಕಲು ಅದರಲ್ಲಿ ಅವಕಾಶವಿತ್ತು. 1649ರ ಜೂನ್ ತಿಂಗಳಲ್ಲಿ ಹಾಗೆ ತೂಗುಹಾಕಿದ್ದೂ ಉಂಟು. 1759ರಲ್ಲಿ ಆ ಶಾಶ್ವತ ಗಲ್ಲನ್ನು ಕಿತ್ತರು. ಟೈಬರ್ನಿನ ಕೊನೆಯ ಗಲ್ಲು 1783ರ ನವೆಂಬರ್ 3ರಂದು ನಡೆಯಿತು. ಅಲ್ಲಿಂದ ಮುಂದೆ ಅದು ನ್ಯೂಗೇಟ್ ಸೆರೆಮನೆಯ ಮುಂಭಾಗಕ್ಕೆ ಬಂದಿತು. ಬಹಿರಂಗವಾಗಿ ಗಲ್ಲಿಗೇರಿಸುವ ಪದ್ಧತಿ ನಿಂತದ್ದು 1868ರಲ್ಲಿ. ಅಂದರೆ ಗ್ರೋಸನ ಕೋಶ ಹೊರಬಿದ್ದಾಗ ಟೈಬರ್ನಿನ ಹಗ್ಗ ಬಿಚ್ಚಿ ಎರಡು ವರ್ಷವೂ ಪೂರ್ತಿಯಾಗಿರಲಿಲ್ಲ. ಅವನು ಕೂಡಿಟ್ಟದ್ದು ಹಳೆಯ ಎಲುಬುಗಳನ್ನಲ್ಲ, ಇನ್ನೂ ಬೆಚ್ಚಗಿದ್ದ ಮಾತುಗಳನ್ನು.

ಮೂರು ಕಂಬದ ಆ ಗಲ್ಲು ‘ಮೂರು ಕಾಲಿನ ಹೆಣ್ಗುದುರೆ’ ಎನಿಸಿಕೊಂಡಿತು. ಎಂದೂ ಹಸುರಾಗದೆ ವರ್ಷವೆಲ್ಲ ಹಣ್ಣು ಬಿಡುವ ಮರವೆಂಬುದು ಅದರ ಇನ್ನೊಂದು ಹೆಸರು. ಓಕ್ ಮರದ ಬೀಜಕ್ಕೆ ಹುಟ್ಟಿದ ಕುದುರೆಯೆಂಬುದು ಮತ್ತೊಂದು. ಟೈಬರ್ನ್ ಪ್ಯಾಡಿಂಗ್ಟನ್ ಪ್ಯಾರಿಷ್ಷಿಗೆ ಸೇರಿದ್ದರಿಂದ ಗಲ್ಲಿನ ದಿನಕ್ಕೆ ‘ಪ್ಯಾಡಿಂಗ್ಟನ್ ಜಾತ್ರೆಯ ದಿನ’ವೆಂದೂ ಸಾಯುವವನ ಒದ್ದಾಟಕ್ಕೆ ‘ಪ್ಯಾಡಿಂಗ್ಟನ್ ಕುಣಿತ’ವೆಂದೂ ಹೆಸರಾಯಿತು. ಶಿಕ್ಷೆಯನ್ನು ಜಾರಿಗೊಳಿಸುವ ಅಧಿಕಾರಿ ಷೆರೀಫನಾದುದರಿಂದ ವಧೆಯು ‘ಷೆರೀಫನ ನೃತ್ಯಕೂಟ’. ಗಲ್ಲಿನ ಚೌಕಟ್ಟು ‘ಷೆರೀಫನ ಚಿತ್ರದ ಚೌಕಟ್ಟು’. ಹಸುಗೂಸುಗಳಿಗೆ ಹಲ್ಲು ಮೂಡುವಾಗಿನ ನೋವಿಗೆಂದು ‘ನೋವುನಿವಾರಕ ಕಂಠಹಾರ’ವೆಂಬ ಸರವೊಂದು ಆಗ ಲಂಡನ್ನಿನಲ್ಲಿ ಜಾಹೀರಾತಿನೊಡನೆ ಮಾರಾಟವಾಗುತ್ತಿತ್ತು, ಅದೇ ಹೆಸರು ನೇಣಿನ ಹಗ್ಗಕ್ಕೂ ಬಂದಿತು. ಕೊನೆಯದರ ಚಾತುರ್ಯ ದೊಡ್ಡದು. ಎಲ್ಲ ನೋವನ್ನೂ ನಿವಾರಿಸುವ ಹಾರ ಬೇರಾವುದಿದ್ದೀತು! ಉಳಿದ ಕೆಲವು ಮಾತುಗಳನ್ನು ಮಠದ ಪತ್ರಿಕೆಯಲ್ಲಿ ಎತ್ತಿ ಬರೆಯುವಂತಿಲ್ಲ.

ಇಂಥ ಮಾತುಗಳನ್ನು ಕುರಿತು ಒಂದು ಅಭಿಪ್ರಾಯ ಬಹುಕಾಲದಿಂದ ರೂಢವಾಗಿದೆ. ಬಡವನು ಸಾವನ್ನು ನೋಡಿ ನಗುತ್ತಾನೆ. ಆ ನಗೆಯೇ ಅವನ ಧೈರ್ಯ, ಪ್ರಭುತ್ವಕ್ಕೆ ಅವನು ಕೊಟ್ಟ ಉತ್ತರ ಎಂದು. ಅಭಿಪ್ರಾಯ ಉದಾರವಾದದ್ದು, ಆದರೆ ಪೂರ್ತಿ ಒಪ್ಪತಕ್ಕದ್ದಲ್ಲ. ಈ ಮಾತುಗಳು ಯಾರ ಬಾಯಿಂದ ಬಂದವೆಂಬ ವಿಚಾರವನ್ನು ಅದು ಕೈಬಿಡುತ್ತದೆ. ಚಿತ್ರದ ಚೌಕಟ್ಟನ್ನು ಕಾಣಬೇಕಾದರೆ ಅದರ ಎದುರಿಗೆ ನಿಂತಿರಬೇಕು. ಚಿತ್ರವಾಗಿ ತೂಗುತ್ತಿರುವವನಿಗೆ ಚೌಕಟ್ಟು ಕಾಣುವುದಿಲ್ಲ. ಕುಣಿತವೆಂಬುದೂ ಹಾಗೆಯೇ, ಒದ್ದಾಟವು ಕುಣಿತವಾಗಿ ತೋರುವುದು ಕೆಳಗೆ ನಿಂತವರ ಕಣ್ಣಿಗೆ. ಜಾತ್ರೆಯಂತೂ ನೆರೆದವರದೇ. ಈ ಮಾತುಗಳ ಒಳಗೆ ಒಂದು ನಿಲುವುಗಂಬವಿದೆ. ಅದು ಗಲ್ಲಿನ ಮೇಲೆ ಇಲ್ಲ, ನೆರವಿಯ ನಡುವೆ ಇದೆ.

ಇದಕ್ಕೆ ಭಿನ್ನವಾದ ಮಾತೂ ಅದೇ ಕೋಶದಲ್ಲಿದೆ. ‘ಹೋಬರ್ನ್ ದಿಣ್ಣೆಯನ್ನು ಹಿಮ್ಮೊಗವಾಗಿ ಏರುವುದು’ ಎಂದರೆ ಗಲ್ಲಿಗೆ ಹೋಗುವುದು. ನ್ಯೂಗೇಟ್ ಸೆರೆಮನೆಯಿಂದ ಹೊರಟ ಬಂಡಿ ಹೋಬರ್ನ್ ದಿಣ್ಣೆಯನ್ನೇರಿ ಟೈಬರ್ನಿಗೆ ಸಾಗುತ್ತಿತ್ತು; ಅಪರಾಧಿಯನ್ನು ಕುದುರೆಗೆ ಬೆನ್ನು ಮಾಡಿ ಕೂಡಿಸುತ್ತಿದ್ದರು. ಇದು ಅವಮಾನಕ್ಕಾಗಿ ಎಂದು ಕೆಲವರು ತಿಳಿದಿದ್ದರೂ, ಗಲ್ಲು ದೂರದಿಂದ ಕಣ್ಣಿಗೆ ಬಿದ್ದು ಅವನ ಎದೆ ಒಡೆಯದಿರಲೆಂದೇ ಹೀಗೆ ಮಾಡುತ್ತಿದ್ದಿರಬಹುದು, ಶಸ್ತ್ರವೈದ್ಯನು ತನ್ನ ಆಯುಧಗಳನ್ನು ರೋಗಿಗೆ ಕಾಣಿಸದೆ ಮರೆಮಾಡುವಂತೆ ಎಂದು ಗ್ರೋಸ್ ವಿವರಿಸುತ್ತಾನೆ. ಇಡೀ ಕೋಶದಲ್ಲಿ ಅವನ ಲೇಖನಿ ನಗುವುದನ್ನು ನಿಲ್ಲಿಸಿದ ಅಪರೂಪದ ಸ್ಥಳಗಳಲ್ಲಿ ಇದೊಂದು. ಈ ಮಾತು ಬಂಡಿಯೊಳಗಿಂದ ಹುಟ್ಟಿದ್ದು. ಅದನ್ನು ಆಡಿದವನು ಬಂಡಿಯಲ್ಲಿ ಕುಳಿತಿದ್ದಾನೆ, ಇಲ್ಲವೆ ಕುಳಿತವನ ಪಕ್ಕದಲ್ಲಿ ಮನಸ್ಸಿನಿಂದಾದರೂ ಕುಳಿತಿದ್ದಾನೆ. ತನ್ನ ಊರು ಹಿಂದೆ ಹಿಂದೆ ಸರಿಯುವುದು ಅವನಿಗೆ ಕಾಣುತ್ತದೆ. ಮುಂದಿರುವುದು ಕಾಣುವುದಿಲ್ಲ.

ಈ ಎರಡು ಬಗೆಯ ಮಾತುಗಳನ್ನು ಗ್ರೋಸ್ ಬೇರ್ಪಡಿಸಲಿಲ್ಲ. ಅಕಾರಾದಿಯ ಕ್ರಮದಲ್ಲಿ ಎಲ್ಲವನ್ನೂ ಒಂದೇ ಪಂಕ್ತಿಗೆ ಕೂಡಿಸಿಬಿಟ್ಟನು. ಯಾವುದು ಕಳ್ಳನ ಮಾತು, ಯಾವುದು ನೋಡುಗನ ಮಾತು, ಯಾವುದು ಹೋಟಲಿನಲ್ಲಿ ಕುಳಿತ ಸಜ್ಜನನು ವಿನೋದಕ್ಕಾಗಿ ಕಟ್ಟಿದ್ದು ಎಂಬ ವಿವೇಚನೆ ಕೋಶದಲ್ಲಿ ಪೂರ್ತಿಯಾಗಿ ದೊರೆಯದು. ಕೋಶದ ದೊಡ್ಡ ಕೊರತೆ ಇದೇ. ಹಳೆಯ ಕಳ್ಳನುಡಿಯನ್ನು ನೋಡಿದರೆ ವ್ಯತ್ಯಾಸ ಮತ್ತಷ್ಟು ನಿಚ್ಚಳವಾಗುತ್ತದೆ. ತಾಮಸ್ ಹಾರ್ಮನ್ 1560ರ ದಶಕದಲ್ಲಿ ಅಲೆಮಾರಿಗಳನ್ನು ಕುರಿತು ಬರೆದ ಪುಸ್ತಕದಲ್ಲಿ ನೇಣಿಗೆ ‘ಟ್ರೈನ್’ ಎಂಬ ಕ್ರಿಯಾಪದವೂ ಗಲ್ಲಿಗೆ ‘ಚಾಟ್ಸ್’ ಎಂಬ ನಾಮಪದವೂ ದೊರೆಯುತ್ತವೆ. ಗ್ರೋಸನಲ್ಲಿಯೂ ‘ನಬಿಂಗ್ ಚೀಟ್’ ಎಂಬುದುಂಟು. ‘ನಬ್’ ಎಂದರೆ ಕೊರಳು. ‘ಚೀಟ್’ ಎಂಬುದಕ್ಕೆ ಕಳ್ಳನುಡಿಯಲ್ಲಿ ವಸ್ತು ಎಂದಷ್ಟೇ ಅರ್ಥ. ಕೊರಳಿನ ವಸ್ತು! ಇಲ್ಲಿ ನಗೆಯಿಲ್ಲ, ಉಪಮೆಯಿಲ್ಲ, ಜಾತ್ರೆಯಿಲ್ಲ. ಕೊರಳನ್ನು ನಿಜಕ್ಕೂ ಪಣಕ್ಕಿಟ್ಟವರು ಆಡಿದ ಮಾತು ಇಷ್ಟು ಒಣಗಿದ್ದು, ಇಷ್ಟು ಚಿಕ್ಕದು.

ಇಲ್ಲಿ ಬೆಡಗಿನ ವಚನಗಳ ನೆನಪು ಬರುವುದು ಸಹಜ. ಎಲೆಯಿಲ್ಲದ ಮರ ಹಣ್ಣು ಬಿಡುವುದು, ಬೀಜಕ್ಕೆ ಕುದುರೆ ಹುಟ್ಟುವುದು, ಇಂಥ ರಚನೆಗಳು ಹೊರನೋಟಕ್ಕೆ ಬೆಡಗೇ ಸರಿ. ಎರಡೂ ಕಡೆ ಒಳಗಿನವರಿಗೆ ತೆರೆದು ಹೊರಗಿನವರಿಗೆ ಮುಚ್ಚಿಕೊಳ್ಳುವ ಮಾತಿದೆ. ಆದರೆ ಹೋಲಿಕೆಯನ್ನು ಅಲ್ಲಿಗೇ ನಿಲ್ಲಿಸತಕ್ಕದ್ದು. ಅಲ್ಲಮಪ್ರಭುವಿನ ಬೆಡಗು ಕೇಳುವವನನ್ನು ಹೊರಗಿಡಲು ಮುಚ್ಚಿದ್ದಲ್ಲ. ಅವನು ಪಕ್ವವಾದಂತೆ ತೆರೆದುಕೊಳ್ಳಲೆಂದು ಮುಚ್ಚಿದ್ದು. ಕಳ್ಳನುಡಿಯ ಮುಸುಕು ಕಾವಲುಗಾರನ ಕಿವಿಗೆ ಅಡ್ಡವಾಗಿ ಹಿಡಿದದ್ದು. ಕೋಶಕ್ಕೆ ಏರಿದೊಡನೆ ಆ ಮುಸುಕೂ ಜಾರಿ, ಉಳಿದವರಿಗೆ ವಿನೋದದ ವಸ್ತುವಾಗುತ್ತದೆ.

ವಿನೋದವಾಗಲಾರದ ಮಾತೊಂದು ಮಾತ್ರ ಗ್ರೋಸನ ಪುಟಗಳಲ್ಲಿ ಉಳಿದುಬಿಟ್ಟಿದೆ: ‘ಹೆಂಪನ್ ವಿಡೋ’. ಹೆಂಪ್ ಎಂದರೆ ಹಗ್ಗ ಹೊಸೆಯುವ ನಾರು. ಕನ್ನಡದಲ್ಲಿ ‘ಸೆಣಬಿನ ವಿಧವೆ’ ಎನ್ನಬಹುದು. ಗಂಡನು ಗಲ್ಲಿಗೇರಿದ ಹೆಂಗಸೆಂದು ಅರ್ಥ. ಸಾಯುವವನಿಗೆ ‘ಸೆಣಬಿನ ಜ್ವರ’ವೆಂಬ ಮಾತೂ ಇದೆ. ಅಲ್ಲಿ ಕುಚೋದ್ಯ ಸ್ಪಷ್ಟ. ವಿಧವೆಯ ಮಾತಿನಲ್ಲಿ ಕುಚೋದ್ಯ ಒಂದು ಹೆಜ್ಜೆ ಹೋಗಿ ನಿಂತುಬಿಡುತ್ತದೆ. ವಿಧವೆಯೆಂಬುದು ನಿಜ; ಸೆಣಬೆಂಬುದೂ ನಿಜ. ಒಂದು ಕಾನೂನು ಎಷ್ಟು ಹೆಂಗಸರನ್ನು ಈ ಸ್ಥಿತಿಗೆ ತಂದಿದ್ದರೆ ಅವರಿಗಾಗಿ ಭಾಷೆಯಲ್ಲಿ ಬೇರೆಯೇ ಒಂದು ಹೆಸರು ಬೇಕಾಯಿತು ಎಂಬುದನ್ನು ಯೋಚಿಸಿದರೆ ಸಾಕು. ಟೈಬರ್ನಿನ ನೆರವಿಯಲ್ಲಿದ್ದವರೆಲ್ಲ ಬರಿಯ ನೋಡುಗರಾಗಿರಲಿಲ್ಲವೆಂಬ ಮಾತನ್ನು ಇಲ್ಲಿಯೇ ಸೇರಿಸತಕ್ಕದ್ದು. ಶವಗಳನ್ನು ಛೇದನಕ್ಕಾಗಿ ಒಯ್ಯಲು ಬಂದ ಶಸ್ತ್ರವೈದ್ಯರ ಕಡೆಯವರೊಡನೆ ಸತ್ತವನ ಬಂಧುಗಳೂ ಕಸಬಿನ ಗೆಳೆಯರೂ ಹೊಡೆದಾಡಿ ದೇಹವನ್ನು ಬಿಡಿಸಿಕೊಳ್ಳುತ್ತಿದ್ದ ವೃತ್ತಾಂತವನ್ನು ಪೀಟರ್ ಲೈನ್‌ಬಾ 1975ರ ಪ್ರಬಂಧವೊಂದರಲ್ಲಿ ಸವಿಸ್ತಾರವಾಗಿ ಕೊಟ್ಟಿದ್ದಾರೆ. ಕೊಲೆಗಾರರ ಶವವನ್ನು ಛೇದನಕ್ಕೆ ಒಪ್ಪಿಸತಕ್ಕದ್ದೆಂದು 1752ರ ಕಾಯಿದೆ ವಿಧಿಸಿತು. ವೈದ್ಯರ ‘ಅನಾಟಮಿ’ ಎಂಬ ಗ್ರೀಕ್ ಮೂಲದ ಮಾತು ಬೀದಿಯ ಬಾಯಲ್ಲಿ ಸವೆದು ‘ಆಟಮೈಸ್ಡ್’ ಎಂದಾಯಿತು. ಗಲ್ಲಾಗಿ, ಕೊಯ್ಯಿಸಿಕೊಂಡು, ಗಾಜಿನ ಪೆಟ್ಟಿಗೆಯಲ್ಲಿ ಹಲ್ಲುಕಿರಿಯುತ್ತ ನಿಲ್ಲುವೆ ಎಂಬರ್ಥದ ಬೆದರಿಕೆ 1811ರ ಕೋಶದಲ್ಲಿದೆ. ಸಾವಿಗೆ ಅಂಜದವರೂ ಅಸ್ಥಿಪಂಜರವಾಗಿ ನಿಲ್ಲುವುದಕ್ಕೆ ಅಂಜುತ್ತಿದ್ದರು.

ಗಲ್ಲಿನಿಂದ ಹುಟ್ಟಿತೆಂದು ಹೇಳುವ ಮಾತುಗಳೆಲ್ಲ ಗಲ್ಲಿನಿಂದಲೇ ಹುಟ್ಟಿದವಲ್ಲವೆಂಬ ಎಚ್ಚರವೂ ಅಗತ್ಯ. ಪರಿಹಾಸ್ಯಕ್ಕೆ ‘ಕಾಲೆಳೆಯುವುದು’ ಎಂಬ ಇಂಗ್ಲಿಷ್ ನುಡಿಕಟ್ಟು ಕನ್ನಡಕ್ಕೂ ಬಂದಿದೆ. ಗಲ್ಲಿನಲ್ಲಿ ನರಳುವವನು ಬೇಗ ಸಾಯಲೆಂದು ಬಂಧುಗಳು ಕಾಲು ಹಿಡಿದು ಜಗ್ಗುತ್ತಿದ್ದದ್ದರಿಂದ ಅದು ಬಂದಿತೆಂದು ಹೇಳುವವರಿದ್ದಾರೆ. ಬಂಧುಗಳು ಜಗ್ಗುತ್ತಿದ್ದದ್ದು ನಿಜ. ನುಡಿಕಟ್ಟು ಅದರಿಂದ ಬಂದಿತೆಂಬುದಕ್ಕೆ ಆಧಾರವಿಲ್ಲ. ಭಾರವೆತ್ತುವ ಯಂತ್ರಕ್ಕೆ ‘ಡೆರಿಕ್’ ಎಂಬ ಹೆಸರು ಮಾತ್ರ ಹದಿನೇಳನೆಯ ಶತಮಾನದ ಆರಂಭದ ನೇಣುಗಾರನೊಬ್ಬನದೇ. ಬಂದರುಗಳಲ್ಲಿಯೂ ಎಣ್ಣೆಬಾವಿಗಳಲ್ಲಿಯೂ ಅವನ ಹೆಸರು ಇಂದಿಗೂ ಭಾರ ಎತ್ತುತ್ತಿದೆ. 1686ರಲ್ಲಿ ತೀರಿಕೊಂಡ ಜ್ಯಾಕ್ ಕೆಚ್ ಎಂಬವನ ಹೆಸರು ಅವನ ತರುವಾಯ ಬಂದ ನೇಣುಗಾರರಿಗೆಲ್ಲ ಅಂಟಿತು. ನೇಣಿಗೇರಿದ ಸಾವಿರಾರು ಜನರ ಹೆಸರು ಹೀಗೆ ಭಾಷೆಯಲ್ಲಿ ನಿಲ್ಲಲಿಲ್ಲ.

ಫ್ರಾನ್ಸಿನ ಮಾತೂ ಈ ಕುಲದ್ದೇ. ವಿಕ್ಟರ್ ಹ್ಯೂಗೊ 1829ರಲ್ಲಿ ಮರಣದಂಡನೆಗೆ ಗುರಿಯಾದವನ ಕೊನೆಯ ದಿನವನ್ನು ಕುರಿತು ಬರೆದ ಕಿರುಕಾದಂಬರಿಯಲ್ಲಿ ಗಲ್ಲಾಗುವುದಕ್ಕೆ ‘ವಿಧವೆಯನ್ನು ಮದುವೆಯಾಗುವುದು’ ಎಂಬ ಕಳ್ಳನುಡಿ ಬರುತ್ತದೆ. ಇಂಗ್ಲಿಷಿನಲ್ಲಿ ವಿಧವೆ ಬದುಕಿರುವ ಹೆಂಗಸು. ಫ್ರೆಂಚಿನಲ್ಲಿ ವಿಧವೆ ಹಗ್ಗವೇ, ಎಷ್ಟೋ ಗಂಡಂದಿರನ್ನು ನುಂಗಿದವಳು. ಮುಂದೆ ಅದೇ ಹೆಸರು ಗಿಲೊಟಿನ್ ಯಂತ್ರಕ್ಕೂ ಸಂದಿತು. ಆ ಯಂತ್ರಕ್ಕೆ ತಲೆ ಕೊಡುವುದಕ್ಕೆ ‘ಚೀಲದೊಳಗೆ ಸೀನುವುದು’ ಎಂಬ ಮಾತೂ ಇದೆ. ಅದರ ವಿವರಣೆ ಬೇಡ.

ಹೀಗಿರುವಲ್ಲಿ ಶರಣರ ವಾಙ್ಮಯದತ್ತ ತಿರುಗಿದರೆ ಕಾಣುವುದೇನು? ಅಲ್ಲಿಯೂ ವಧೆಯ ಮಾತುಗಳಿಗೆ ಬಡತನವಿಲ್ಲ. ಶೂಲವಿದೆ, ನೇಣಿದೆ. ಪರಂಪರೆಯಲ್ಲಿ ಹರಳಯ್ಯ ಮಧುವರಸರ ಹೆಸರಿನೊಡನೆ ಬೆಸೆದುಹೋದ ‘ಎಳೆಹೂಟೆ’ಯಿದೆ. ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣದಲ್ಲಿ ಬಿಜ್ಜಳನು ಅವರ ಕಣ್ಣು ಕೀಳಿಸಿದನೆಂದಿದ್ದರೂ ಜನಮನದಲ್ಲಿ ನೆಲೆಯಾದದ್ದು ಎಳೆಹೂಟೆಯೇ. ಆ ಮಾತಿನೊಳಗೆ ಹೂಡುವ, ಎಳೆಯುವ ಒಕ್ಕಲುತನದ ಶಬ್ದಗಳು ಕೇಳಿಸುತ್ತವೆ. ಹೊಲದ ಕೆಲಸದ ಹೆಸರು ಕೊಲ್ಲುವ ಕೆಲಸಕ್ಕೆ ತಗಲಿದ್ದನ್ನು ಕೇಳಿದವರಿಗೆ ನಗೆ ಬರುವುದಿಲ್ಲ. ಬಸವಣ್ಣನವರು ಶೂಲದ ಮಾತನ್ನು ಎತ್ತಿದಾಗ, ಶೂಲದ ಮೇಲಿರುವವನಿಗೆ ಭೋಗ ಯಾವುದಾದರೇನೆಂದು ಕೇಳುತ್ತಾರೆ. ಪ್ರಶ್ನೆ ಶೂಲದ ಮೇಲಿನಿಂದ ಹೊರಟದ್ದು, ಕೆಳಗಿನಿಂದಲ್ಲ. ಸಂಸಾರದಲ್ಲಿರುವ ಪ್ರತಿಯೊಬ್ಬನೂ ಅಲ್ಲಿ ಶೂಲದ ಮೇಲೆಯೇ ಇದ್ದಾನೆ. ಹರಕೆಯ ಕುರಿಯನ್ನು ಕುರಿತ ವಚನವಂತೂ ಇನ್ನೂ ಮುಂದೆ ಹೋಗುತ್ತದೆ. ತನ್ನನ್ನು ಕಡಿಯುವರೆಂದರಿಯದ ಕುರಿ ಹಬ್ಬದ ತೋರಣದ ತಳಿರನ್ನೇ ಮೇಯುತ್ತದೆ. ಇಷ್ಟರಲ್ಲಿ ನಿಂತಿದ್ದರೆ ಅದು ನೋಡುಗನ ಕನಿಕರವಾಗುತ್ತಿತ್ತು. ಆದರೆ ಕೊನೆಯಲ್ಲಿ ಬಸವಣ್ಣನವರು ಕೊಂದವರು ಉಳಿದರೇ ಎಂದು ಕೇಳಿ, ಜಾತ್ರೆಗೆ ನೆರೆದವರನ್ನೂ ಕುರಿಯ ಸಾಲಿಗೆ ತಂದು ನಿಲ್ಲಿಸುತ್ತಾರೆ. ಗ್ರೋಸನ ಕೋಶದ ನೂರು ಮಾತುಗಳಲ್ಲಿ ಒಂದಾದರೂ ಈ ಪ್ರಶ್ನೆಯ ಕಡೆಗೆ ಮುಖ ಮಾಡಿದ್ದಿಲ್ಲ.

ಶರಣನಿಗೆ ಮರಣವು ಮಹಾನವಮಿಯೆಂಬ ನಂಬಿಕೆಯೂ ಪ್ಯಾಡಿಂಗ್ಟನ್ ಜಾತ್ರೆಯೂ ಒಂದೇ ಅಲ್ಲವೇ, ಎರಡರಲ್ಲಿಯೂ ಸಾವು ಹಬ್ಬವಾಯಿತಲ್ಲವೇ ಎಂದು ಆಕ್ಷೇಪಿಸುವವರು ಇರಬಹುದು. ಆಕ್ಷೇಪ ತಳ್ಳಿಹಾಕುವಂಥದಲ್ಲ. ಆದರೆ ಮಹಾನವಮಿಯನ್ನು ಆಚರಿಸುವವನು ಸಾಯುವವನೇ. ಜಾತ್ರೆಯನ್ನು ಆಚರಿಸುವವರು ಸಾಯದೆ ಮನೆಗೆ ಹಿಂದಿರುಗುವವರು. ಇದೇ ಕಾರಣದಿಂದ ‘ಲಿಂಗೈಕ್ಯ’ವೆಂಬುದನ್ನೂ ಸಾವನ್ನು ಮರೆಮಾಡುವ ನಯದ ಮಾತುಗಳ ಪಟ್ಟಿಗೆ ಸೇರಿಸುವುದು ಸಲ್ಲದು. ಅದು ಮರೆಮಾಡುವ ಮಾತಲ್ಲ, ಸಿದ್ಧಾಂತವನ್ನು ಹೇಳುವ ಮಾತು.

ಇಷ್ಟನ್ನು ಹೇಳಿ ಕನ್ನಡಿಗರು ತಮ್ಮ ನಾಲಗೆ ಶುದ್ಧವೆಂದು ತೃಪ್ತಿಪಡುವಂತಿಲ್ಲ. ಇಂಗ್ಲೆಂಡಿನಲ್ಲಿ ಕೊನೆಯ ಗಲ್ಲು 1964ರ ಆಗಸ್ಟ್ 13ರಂದು ನಡೆಯಿತು. ಕೊಲೆಗೆ ಮರಣದಂಡನೆ ಅಲ್ಲಿ 1965ರಲ್ಲಿ ನಿಂತಿತು. ಅವರು ಬಿಟ್ಟುಹೋದ ಸೂತ್ರವಾಕ್ಯ ಭಾರತದಲ್ಲಿ ಉಳಿದಿದೆ. ಸಾಯುವವರೆಗೆ ಕೊರಳಿನಿಂದ ತೂಗುಹಾಕತಕ್ಕದ್ದೆಂಬ ನಿರ್ದೇಶ ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಇದ್ದಂತೆ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 393ನೆಯ ಪ್ರಕರಣದಲ್ಲಿಯೂ ಇದೆ. ನ್ಯಾಯಾಲಯದ ಈ ಮಾತು ಕಠೋರವಾದರೂ ಪ್ರಾಮಾಣಿಕ. ಕೊರಳು, ತೂಗು, ಸಾವು ಎಂಬ ಮೂರನ್ನೂ ಅದು ಮುಚ್ಚಿಡುವುದಿಲ್ಲ. ಮುಚ್ಚಿಡುವ ಕೆಲಸ ನಡೆದಿರುವುದು ಬೇರೆಡೆ. ಮಂತ್ರಿಯೊಬ್ಬನು ರಾಜೀನಾಮೆ ಕೊಟ್ಟರೆ ಕನ್ನಡ ಪತ್ರಿಕೆಗಳು ‘ತಲೆದಂಡ’ವೆಂದು ಶಿರೋನಾಮೆ ಕೊಡುತ್ತವೆ. ಸೋಲುವುದು ಖಚಿತವಾದ ಕ್ಷೇತ್ರದಲ್ಲಿ ನಿಲ್ಲಿಸಿದ ಅಭ್ಯರ್ಥಿಯನ್ನು ‘ಹರಕೆಯ ಕುರಿ’ ಎನ್ನುತ್ತವೆ. ಗಿರೀಶ ಕಾರ್ನಾಡರು 1990ರಲ್ಲಿ ಕಲ್ಯಾಣದ ದುರಂತವನ್ನು ನಾಟಕವಾಗಿಸಿ ಅದಕ್ಕೆ ‘ತಲೆದಂಡ’ವೆಂದು ಹೆಸರಿಟ್ಟಾಗ ಆ ಶಬ್ದದಲ್ಲಿ ಇನ್ನೂ ತಲೆಯಿತ್ತು. ಸತ್ಯಕ್ಕಾಗಿ ತನ್ನ ತಲೆಯನ್ನು ತಾನೇ ಪಣವಾಗಿಡುವುದೆಂಬ ಅರ್ಥ ಆ ಮಾತಿಗೆ ಉಂಟು. ಖುರ್ಚಿ ಬಿಟ್ಟು ಎದ್ದವನ ತಲೆ ಭುಜದ ಮೇಲೆಯೇ ಇರುತ್ತದೆ. ಬಹುಶಃ ಮುಂದಿನ ಚುನಾವಣೆಗೆ ಅದೇ ತಲೆ ಮತ್ತೆ ನಿಲ್ಲುತ್ತದೆ.

ಕನ್ನಡದಲ್ಲಿ ಇಂಥ ಮಾತುಗಳ ಕೋಶವೊಂದನ್ನು ಯಾರಾದರೂ ಕೈಗೊಂಡರೆ ಗ್ರೋಸ್ ಬಿಟ್ಟ ಕೆಲಸವನ್ನು ಅವರು ಮೊದಲು ಮಾಡತಕ್ಕದ್ದು. ಪ್ರತಿ ಶಬ್ದದ ಎದುರಿಗೆ ಅರ್ಥದ ಜೊತೆಗೆ ಅದನ್ನು ಆಡಿದವನು ಎಲ್ಲಿ ನಿಂತಿದ್ದನೆಂಬುದನ್ನೂ ಬರೆಯಬೇಕು. ‘ತಲೆದಂಡ’ಕ್ಕೆ ಎರಡು ಅರ್ಥಗಳನ್ನು ಬೇರೆ ಬೇರೆ ಅಂಕಿ ಹಾಕಿ ಕೊಡಬೇಕು, ಹಳೆಯದನ್ನು ಮೊದಲು, ಪತ್ರಿಕೆಯದನ್ನು ಆಮೇಲೆ. ‘ಹರಕೆಯ ಕುರಿ’ಗೂ ಹಾಗೆಯೇ. ‘ಎಳೆಹೂಟೆ’ಗೆ ಸದ್ಯ ಒಂದೇ ಅರ್ಥ ಸಾಕಾಗುತ್ತದೆ.